ಹಳೆಯ ನರ್ಸಿಂಗ್ ಹೋಂ ವಹಿಸಿಕೊಳ್ಳುವ ಮುನ್ನ: ವೈದ್ಯರ ಹೆಸರಿನ ಒಂದೇ ಪಾಲಿಸಿ ಸಾಕಾಗುತ್ತದೆಯೇ?

ಪ್ರಶ್ನೆ: ಪ್ರಸೂತಿ ತಜ್ಞೆ, ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ

ಎಲ್ಲರಿಗೂ ನಮಸ್ಕಾರ. ನಾನು ಹನ್ನೊಂದು ವರ್ಷಗಳಿಂದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞೆಯಾಗಿ ಬೇರೆಯವರ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ್ದೇನೆ. ನಮ್ಮ ಊರಿನ ಹಿರಿಯ ವೈದ್ಯರೊಬ್ಬರು ತಮ್ಮ ಇಪ್ಪತ್ತು ಹಾಸಿಗೆಗಳ ನರ್ಸಿಂಗ್ ಹೋಂ ಅನ್ನು ನನಗೆ ವಹಿಸಿಕೊಟ್ಟು ನಿವೃತ್ತರಾಗಲು ಬಯಸಿದ್ದಾರೆ. ನನ್ನ ತಾಯಿಗೆ ನನ್ನ ಹೆರಿಗೆ ಮಾಡಿಸಿದವರೂ ಅವರೇ. ಹಾಗಾಗಿ ವ್ಯವಹಾರದ ಮಾತನ್ನು ಬಿಗಿಯಾಗಿ ಆಡುವುದು ನನಗೆ ಸಂಕೋಚವಾಗುತ್ತಿದೆ. ಆದರೂ ಸಾಲ ನನ್ನ ಹೆಸರಿನಲ್ಲಿ ಬರುವುದರಿಂದ ಕೇಳದೆ ವಿಧಿಯಿಲ್ಲ.

ನನ್ನ ಬಳಿ ಈಗಾಗಲೇ ವೈಯಕ್ತಿಕವಾಗಿ ಒಂದು ಕೋಟಿ ರೂಪಾಯಿಯ ಪ್ರೊಫೆಷನಲ್ ಇಂಡೆಮ್ನಿಟಿ (ವೃತ್ತಿಯ ಲೋಪಕ್ಕೆ ಕೊಡಬೇಕಾಗುವ ಪರಿಹಾರವನ್ನು ಭರಿಸುವ) ಪಾಲಿಸಿ ಇದೆ. ಏಜೆಂಟರು ಇದನ್ನೇ ಮುಂದುವರಿಸಿದರೆ ಸಾಕು ಎನ್ನುತ್ತಾರೆ. ಆದರೆ ಇನ್ನು ಮುಂದೆ ಅಲ್ಲಿ ನಾನೊಬ್ಬಳೇ ಚಿಕಿತ್ಸೆ ನೀಡುವುದಿಲ್ಲ. ಅರಿವಳಿಕೆ ತಜ್ಞರು ಪಕ್ಕದ ಊರಿನಿಂದ ಕರೆದಾಗ ಬರುತ್ತಾರೆ, ಮಕ್ಕಳ ತಜ್ಞರು ವಾರಕ್ಕೆ ಮೂರು ದಿನ ಬರುತ್ತಾರೆ, ರಾತ್ರಿ ಪಾಳಿಗೆ ಬಿಎಎಂಎಸ್ (ಆಯುರ್ವೇದ ಪದವಿ) ಓದಿದ ಡ್ಯೂಟಿ ಡಾಕ್ಟರ್ ಇದ್ದಾರೆ. ಸಿಸ್ಟರ್‌ಗಳು, ಆಯಾಗಳು, ವಾರ್ಡ್ ಬಾಯ್‌ಗಳು ಸೇರಿ ಹದಿನಾಲ್ಕು ಮಂದಿ ಸಿಬ್ಬಂದಿ ಇದ್ದಾರೆ. ಇವರಲ್ಲಿ ಯಾರಿಂದಲಾದರೂ ತಪ್ಪಾದರೆ ಅಥವಾ ಇವರಿಗೇ ಏನಾದರೂ ಆದರೆ ಹೊಣೆ ಯಾರದು, ಅದಕ್ಕೆ ಯಾವ ಪಾಲಿಸಿ ಆಗುತ್ತದೆ ಎಂಬುದನ್ನು ಅನುಭವ ಇರುವವರು ದಯವಿಟ್ಟು ತಿಳಿಸಿ. ಹಿರಿಯರ ಕಾಲದಲ್ಲಿ ನಡೆದ ಚಿಕಿತ್ಸೆಗಳ ಬಗ್ಗೆ ನಾಳೆ ದೂರು ಬಂದರೆ ಅದೂ ನನ್ನ ಮೇಲೆ ಬರುತ್ತದೆಯೇ ಎಂಬುದು ನನ್ನನ್ನು ಹೆಚ್ಚು ಕಾಡುತ್ತಿರುವ ಪ್ರಶ್ನೆ.

ಉತ್ತರ 1: ನಿವೃತ್ತ ವಿಮಾ ಅಧಿಕಾರಿ, ಮೈಸೂರು

ಮೇಡಂ, ನಿಮ್ಮ ಏಜೆಂಟರ ಮಾತು ಸರಿಯಲ್ಲ. ವೈದ್ಯರ ಹೆಸರಿನ ಪಾಲಿಸಿ ಆ ವೈದ್ಯರ ವೃತ್ತಿಪರ ಲೋಪವನ್ನಷ್ಟೇ ನೋಡಿಕೊಳ್ಳುತ್ತದೆ. ಆಸ್ಪತ್ರೆ ಎಂಬ ಸಂಸ್ಥೆಯ ಮೇಲೆ ಬರುವ ಹೊಣೆಗೆ ಬೇರೆಯದೇ ಪಾಲಿಸಿ ಇದೆ. ನಮ್ಮ ಕಚೇರಿಗಳಲ್ಲಿ ಅದನ್ನು ಎಸ್ಟಾಬ್ಲಿಷ್‌ಮೆಂಟ್ ಪಾಲಿಸಿ ಅಥವಾ ಎರರ್ಸ್ ಅಂಡ್ ಒಮಿಷನ್ಸ್ ಎನ್ನುತ್ತಾರೆ. ಹಾಸಿಗೆಗಳ ಸಂಖ್ಯೆ, ಒಳರೋಗಿ ಮತ್ತು ಹೊರರೋಗಿಗಳ ಸಂಖ್ಯೆ, ಸಿಬ್ಬಂದಿಯ ಪಟ್ಟಿ ಇವೆಲ್ಲವನ್ನೂ ನೋಡಿ ಪ್ರೀಮಿಯಂ ನಿಗದಿ ಮಾಡುತ್ತಾರೆ. ನಿಮಗೆ ಎರಡೂ ಬೇಕು.

ಮೊದಲು ನಿಮ್ಮ ಕೈಯಲ್ಲಿರುವ ಪಾಲಿಸಿಯ ಷೆಡ್ಯೂಲ್ (ವಿವರಗಳ ಪಟ್ಟಿ) ತೆಗೆದು ಒಂದು ಅನುಪಾತವನ್ನು ಹುಡುಕಿ. ಒಂದು ಘಟನೆಗೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು ಎಂಬುದನ್ನು 1:1, 1:2, 1:3 ಅಥವಾ 1:4 ಎಂದು ಬರೆದಿರುತ್ತಾರೆ. ನಿಮ್ಮದು ಒಂದು ಕೋಟಿ ರೂಪಾಯಿಯ ಪಾಲಿಸಿಯಾಗಿದ್ದು ಅನುಪಾತ 1:4 ಎಂದಿದ್ದರೆ ಒಂದು ಪ್ರಕರಣಕ್ಕೆ ಸಿಗುವುದು ಹೆಚ್ಚೆಂದರೆ 25 ಲಕ್ಷ. ಅದರಲ್ಲಿಯೇ ವಕೀಲರ ಶುಲ್ಕವೂ ಕಳೆಯುವುದು ಸಾಮಾನ್ಯ. ಪ್ರೀಮಿಯಂ ಕಡಿಮೆ ಆಗುತ್ತದೆ ಎಂಬ ಒಂದೇ ಕಾರಣಕ್ಕೆ ಈ ಅನುಪಾತವನ್ನು ಆರಿಸಿಕೊಂಡವರನ್ನು ನನ್ನ ಸೇವಾವಧಿಯಲ್ಲಿ ಬಹಳ ಕಂಡಿದ್ದೇನೆ. ಷೆಡ್ಯೂಲ್ ಓದಿ ಸಹಿ ಹಾಕಿದವರನ್ನು ಕಂಡದ್ದು ಅಪರೂಪ. ಹೆರಿಗೆಯ ಸಮಯದಲ್ಲಿ ಮಗುವಿನ ಮಿದುಳಿಗೆ ಹಾನಿಯಾಯಿತೆಂಬ ದೂರು ಬಂದರೆ ಆ ಮಗುವಿನ ಇಡೀ ಬದುಕಿನ ಆರೈಕೆಯ ವೆಚ್ಚವನ್ನು ಕೇಳುತ್ತಾರೆ. ಅಲ್ಲಿ 25 ಲಕ್ಷ ಎಲ್ಲಿಗೂ ಸಾಲುವುದಿಲ್ಲ.

ಇನ್ನು ನಿಮ್ಮನ್ನು ಕಾಡುತ್ತಿರುವ ಪ್ರಶ್ನೆಗೆ ಬರುತ್ತೇನೆ. ನಮ್ಮಲ್ಲಿ ಈ ಪಾಲಿಸಿಗಳು ಕ್ಲೇಮ್ಸ್ ಮೇಡ್ ಎಂಬ ಪದ್ಧತಿಯಲ್ಲಿ ನಡೆಯುತ್ತವೆ. ಎಂದರೆ ಚಿಕಿತ್ಸೆ ನಡೆದ ದಿನ ಪಾಲಿಸಿ ಇದ್ದರಷ್ಟೇ ಸಾಲದು, ದೂರು ಬಂದ ದಿನವೂ ಪಾಲಿಸಿ ಜಾರಿಯಲ್ಲಿರಬೇಕು, ಮತ್ತು ಆ ಚಿಕಿತ್ಸೆ ಪಾಲಿಸಿಯಲ್ಲಿ ನಮೂದಾದ ರೆಟ್ರೋಆಕ್ಟಿವ್ ಡೇಟ್‌ನ ನಂತರ ನಡೆದದ್ದಾಗಿರಬೇಕು. ನೀವು ಮೊದಲ ಬಾರಿ ಪಾಲಿಸಿ ಮಾಡಿಸಿದ ದಿನವೇ ಆ ದಿನಾಂಕವಾಗಿ, ಪ್ರತಿ ವರ್ಷವೂ ತಪ್ಪದೆ ನವೀಕರಿಸಿದರೆ ಅದು ಹಾಗೆಯೇ ಉಳಿಯುತ್ತದೆ. ಮಧ್ಯೆ ಒಂದು ವರ್ಷ ಬಿಟ್ಟರೆ ಹಿಂದಿನ ವರ್ಷಗಳ ರಕ್ಷಣೆಯೆಲ್ಲ ಕೈತಪ್ಪಬಹುದು. ಈಗ ಹಿರಿಯ ವೈದ್ಯರ ಸ್ಥಿತಿಯನ್ನು ಯೋಚಿಸಿ. ನಿವೃತ್ತನಾದೆನಲ್ಲ, ಇನ್ನೇಕೆ ಪಾಲಿಸಿ ಎಂದು ಅವರು ನವೀಕರಣ ನಿಲ್ಲಿಸಿದರೆ, ಹಿಂದಿನ ವರ್ಷ ಅವರು ಮಾಡಿದ ಶಸ್ತ್ರಚಿಕಿತ್ಸೆಯ ಬಗ್ಗೆ ಮುಂದಿನ ವರ್ಷ ನೋಟಿಸ್ ಬಂದಾಗ ಅವರ ಹಿಂದೆ ಯಾರೂ ಇರುವುದಿಲ್ಲ. ದೂರುದಾರರು ಕಟ್ಟಡದ ಮುಂದಿನ ಬೋರ್ಡು ನೋಡಿ ನಿಮ್ಮನ್ನೂ ಸೇರಿಸಿಯೇ ಸೇರಿಸುತ್ತಾರೆ.

ಆದ್ದರಿಂದ ಹಸ್ತಾಂತರದ ಕರಾರಿನಲ್ಲಿ ಎರಡು ವಿಷಯ ಬರಬೇಕು. ಹಸ್ತಾಂತರದ ದಿನದವರೆಗಿನ ಚಿಕಿತ್ಸೆಗಳ ಹೊಣೆ ಅವರದೇ ಎಂಬುದು ಒಂದು. ಅವರು ನಿವೃತ್ತಿಯ ನಂತರವೂ ಕೆಲವು ವರ್ಷ ತಮ್ಮ ಪಾಲಿಸಿಯನ್ನು ಮುಂದುವರಿಸಬೇಕು ಅಥವಾ ದೂರು ಸ್ವೀಕಾರದ ಅವಧಿಯನ್ನು ವಿಸ್ತರಿಸಿಕೊಳ್ಳಬೇಕು ಎಂಬುದು ಇನ್ನೊಂದು. ಸಂಕೋಚ ಬೇಡ. ಇದು ನಿಮಗಿಂತ ಹೆಚ್ಚಾಗಿ ಅವರ ವೃದ್ಧಾಪ್ಯದ ಉಳಿತಾಯವನ್ನು ಕಾಪಾಡುವ ಮಾತು ಎಂದು ಅವರಿಗೆ ಬಿಡಿಸಿ ಹೇಳಿದರೆ ಅವರು ಖಂಡಿತ ಒಪ್ಪುತ್ತಾರೆ.

ಐಎಂಎ (ಭಾರತೀಯ ವೈದ್ಯಕೀಯ ಸಂಘ) ಶಾಖೆಗಳು ನಡೆಸುವ ವೃತ್ತಿ ರಕ್ಷಣಾ ಯೋಜನೆಗಳೂ ಇವೆ. ಪ್ರಕರಣ ಬಂದಾಗ ಸಹೋದ್ಯೋಗಿಗಳ ಸಲಹೆ, ತಜ್ಞರ ಅಭಿಪ್ರಾಯ, ಅನುಭವಿ ವಕೀಲರ ನೆರವು ಸಿಗುವುದರಿಂದ ಅವು ಬಹಳ ಉಪಯುಕ್ತ. ಆದರೆ ಅವು ಸದಸ್ಯರು ತಮ್ಮೊಳಗೆ ಮಾಡಿಕೊಂಡ ವ್ಯವಸ್ಥೆ. ವಿಮೆಯ ಜೊತೆಗೆ ಇರಲಿ, ವಿಮೆಯ ಬದಲಿಗೆ ಬೇಡ.

ಉತ್ತರ 2: ವಕೀಲರು, ದಾವಣಗೆರೆ

ಮೇಲಿನವರು ವಿಮೆಯ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಕಾನೂನಿನ ಭಾಗವನ್ನು ಸೇರಿಸುತ್ತೇನೆ.

ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನಿಸಿತು. ಶುಲ್ಕವನ್ನು ರೋಗಿಯ ಬದಲು ವಿಮಾ ಕಂಪನಿಯೋ ಉದ್ಯೋಗದಾತರೋ ಭರಿಸಿದರೂ, ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಚಿಕಿತ್ಸೆ ನೀಡಿದರೂ ಆ ಸೇವೆ ಕಾಯ್ದೆಯೊಳಗೇ ಬರುತ್ತದೆ. 2024ರ ಮೇ ತಿಂಗಳಲ್ಲಿ ಈ ತೀರ್ಪನ್ನು ಮರುಪರಿಶೀಲಿಸಬೇಕು ಎಂಬ ಅಭಿಪ್ರಾಯ ಸುಪ್ರೀಂ ಕೋರ್ಟಿನಲ್ಲಿಯೇ ವ್ಯಕ್ತವಾದಾಗ ಅನೇಕ ವೈದ್ಯರು ಆಸೆ ಇಟ್ಟುಕೊಂಡಿದ್ದರು; ಅದರ ಅಗತ್ಯವಿಲ್ಲವೆಂದು ಅದೇ ವರ್ಷ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದರಿಂದ ಹಳೆಯ ತೀರ್ಪೇ ಉಳಿದಿದೆ.

2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ರಕ್ಷಣಾ ಕಾಯ್ದೆ ತಂದ ಎರಡು ಬದಲಾವಣೆಗಳನ್ನು ತಾಲ್ಲೂಕು ಮಟ್ಟದ ಆಸ್ಪತ್ರೆಗಳು ಇನ್ನೂ ಸರಿಯಾಗಿ ಗಮನಿಸಿದಂತೆ ಕಾಣುವುದಿಲ್ಲ. ಹಿಂದೆ 20 ಲಕ್ಷಕ್ಕಿಂತ ಹೆಚ್ಚು ಪರಿಹಾರ ಕೇಳುವವರು ರಾಜ್ಯ ಗ್ರಾಹಕ ಆಯೋಗಕ್ಕೆ ಹೋಗಬೇಕಿತ್ತು. ಈಗ ಲೆಕ್ಕಕ್ಕೆ ಬರುವುದು ಕೇಳಿದ ಪರಿಹಾರದ ಮೊತ್ತವಲ್ಲ, ರೋಗಿ ಪಾವತಿಸಿದ ಶುಲ್ಕ. ಆ ಶುಲ್ಕ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗವೇ ವಿಚಾರಣೆ ನಡೆಸುತ್ತದೆ, 5 ಲಕ್ಷದವರೆಗಿನ ಶುಲ್ಕಕ್ಕೆ ದೂರಿನ ಫೀಸು ಕೂಡ ಇಲ್ಲ. ಸಿಸೇರಿಯನ್‌ಗೆ ಕೆಲವು ಹತ್ತು ಸಾವಿರ ಕಟ್ಟಿದವರು ಕೋಟಿ ರೂಪಾಯಿ ಕೇಳಿ ಜಿಲ್ಲಾ ಕೇಂದ್ರದಲ್ಲಿಯೇ ದೂರು ಸಲ್ಲಿಸಬಹುದು. ಎರಡನೆಯ ಬದಲಾವಣೆ ನಿಮ್ಮಂತಹ ಪ್ರಸೂತಿ ತಜ್ಞರಿಗೆ ಇನ್ನೂ ಹತ್ತಿರದ್ದು. ದೂರುದಾರರು ತಾವು ವಾಸಿಸುವ ಸ್ಥಳದಲ್ಲಿಯೂ ದೂರು ಕೊಡಬಹುದು. ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳ ಗಂಡನ ಮನೆ ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಇರುತ್ತದೆ. ಹೆರಿಗೆ ನಿಮ್ಮ ಊರಿನಲ್ಲಿ ಆಗಿದ್ದರೂ ಪ್ರಕರಣಕ್ಕೆ ನೀವು ಅಲ್ಲಿಗೆ ಹೋಗಬೇಕಾದೀತು.

ನೋಟಿಸ್ ಬಂದರೆ ಅದನ್ನು ಮೇಜಿನ ಡ್ರಾಯರಿನಲ್ಲಿ ಇಡಬೇಡಿ. ಆಯೋಗದ ನೋಟಿಸ್ ದೂರಿನ ಪ್ರತಿಯೊಂದಿಗೆ ಕೈ ಸೇರಿದ 30 ದಿನಗಳೊಳಗೆ, ಹೆಚ್ಚೆಂದರೆ ಇನ್ನೂ 15 ದಿನಗಳೊಳಗೆ ಉತ್ತರ ಸಲ್ಲಿಸಬೇಕು. 45 ದಿನ ಕಳೆದ ಮೇಲೆ ಆಯೋಗಕ್ಕೇ ಸಮಯ ಕೊಡುವ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಯಾವ ತಪ್ಪೂ ಮಾಡದ ವೈದ್ಯರು ಇದೊಂದೇ ಕಾರಣಕ್ಕೆ ತಮ್ಮ ಮಾತು ಹೇಳುವ ಅವಕಾಶ ಕಳೆದುಕೊಳ್ಳುವುದನ್ನು ನೋಡಿ ನನಗೆ ಸಂಕಟವಾಗಿದೆ. ನೋಟಿಸ್ ಬಂದ ದಿನವೇ ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಿ. ಅವರ ಒಪ್ಪಿಗೆಯಿಲ್ಲದೆ ರೋಗಿಯ ಕಡೆಯವರೊಂದಿಗೆ ಹಣದ ರಾಜಿ ಮಾಡಿಕೊಂಡರೆ ಪಾಲಿಸಿಯ ಷರತ್ತು ಮುರಿದಂತಾಗುತ್ತದೆ.

ಹೊರಗಿನಿಂದ ಬರುವ ತಜ್ಞರ ಬಗ್ಗೆ ಕೇಳಿದ್ದೀರಿ. ಅವರು ನಮ್ಮ ನೌಕರರಲ್ಲ, ಅವರ ತಪ್ಪಿಗೆ ನಾವು ಹೊಣೆಯಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2004ರ ಸವಿತಾ ಗರ್ಗ್ ಪ್ರಕರಣದಲ್ಲಿ ಒಪ್ಪಲಿಲ್ಲ. ರೋಗಿ ನಂಬಿ ಬಂದದ್ದು ಆಸ್ಪತ್ರೆಯನ್ನು. ಚಿಕಿತ್ಸೆ ನೀಡಿದ ವೈದ್ಯರನ್ನು ಪ್ರತಿವಾದಿಯಾಗಿ ಸೇರಿಸದಿದ್ದರೂ ದೂರು ಬಿದ್ದುಹೋಗುವುದಿಲ್ಲ. ಆದ್ದರಿಂದ ಅರಿವಳಿಕೆ ತಜ್ಞರು ಮತ್ತು ಮಕ್ಕಳ ತಜ್ಞರಿಂದ ಪ್ರತಿ ವರ್ಷ ಅವರ ಪಾಲಿಸಿಯ ನವೀಕರಣದ ಪ್ರತಿಯನ್ನು ಪಡೆದು ಕಡತದಲ್ಲಿಡಿ. ಸಿಬ್ಬಂದಿಯ ವಿಷಯದಲ್ಲಿಯೂ ಹೀಗೆಯೇ. ದಾದಿಯೊಬ್ಬರು ರಕ್ತನಾಳಕ್ಕೆ ಕೊಟ್ಟ ಚುಚ್ಚುಮದ್ದಿನಿಂದ ಮಗುವೊಂದರ ಮಿದುಳಿಗೆ ಶಾಶ್ವತ ಹಾನಿಯಾದ ಪ್ರಕರಣದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆಯನ್ನು ಹೊಣೆ ಮಾಡಿದ್ದಲ್ಲದೆ, ಮಗುವಿನ ತಂದೆತಾಯಿಯನ್ನೂ ಗ್ರಾಹಕರೆಂದು ಪರಿಗಣಿಸಿ ಅವರ ಮಾನಸಿಕ ಯಾತನೆಗೂ ಪರಿಹಾರ ಉಂಟು ಎಂದಿತು.

ಉತ್ತರ 3: ಶಸ್ತ್ರಚಿಕಿತ್ಸಕ, ಹಾಸನ

ಡಾಕ್ಟರ್, ನಾನೂ ಹದಿನೆಂಟು ವರ್ಷಗಳಿಂದ ಸಣ್ಣ ನರ್ಸಿಂಗ್ ಹೋಂ ನಡೆಸುತ್ತಿದ್ದೇನೆ. ಒಂದು ಪ್ರಕರಣವನ್ನು ಆರು ವರ್ಷ ಎದುರಿಸಿದ್ದೇನೆ. ಶಸ್ತ್ರಚಿಕಿತ್ಸೆಯ ನಂತರ ರಾತ್ರಿ ರೋಗಿಯ ನಾಡಿ ಏರುತ್ತಿದೆ ಎಂದು ಸಿಸ್ಟರ್ ನನಗೆ ಫೋನ್ ಮಾಡಿದ್ದರು, ನಾನು ಇಪ್ಪತ್ತು ನಿಮಿಷಗಳಲ್ಲಿ ಬಂದಿದ್ದೆ, ರಕ್ತಸ್ರಾವ ನಿಲ್ಲಿಸಲು ಮತ್ತೆ ಹೊಟ್ಟೆ ತೆರೆದೆವು. ರೋಗಿ ಬದುಕಿದರು, ಆದರೆ ತಿಂಗಳುಗಟ್ಟಲೆ ನರಳಿದರು. ಬೆಳಗಿನವರೆಗೆ ಯಾರೂ ಬರಲೇ ಇಲ್ಲ ಎಂಬುದು ದೂರಿನ ತಿರುಳಾಗಿತ್ತು. ನನ್ನ ಟಿಪ್ಪಣಿಯಲ್ಲಿ ದಿನಾಂಕವಿತ್ತು, ಗಂಟೆ ಇರಲಿಲ್ಲ. ಕೊನೆಗೆ ನನ್ನನ್ನು ಉಳಿಸಿದ್ದು ಸಿಸ್ಟರ್ ತಮ್ಮ ಚಾರ್ಟಿನಲ್ಲಿ ಬರೆದಿದ್ದ ಒಂದು ಸಾಲು: ರಾತ್ರಿ 1.10ಕ್ಕೆ ಸರ್‌ಗೆ ತಿಳಿಸಲಾಯಿತು, 1.30ಕ್ಕೆ ಬಂದು ನೋಡಿದರು. ಆ ದಿನದಿಂದ ನಮ್ಮಲ್ಲಿ ಗಂಟೆ ನಮೂದಿಸದ ಟಿಪ್ಪಣಿಯನ್ನು ಟಿಪ್ಪಣಿ ಎಂದೇ ನಾವು ಪರಿಗಣಿಸುವುದಿಲ್ಲ. ದೂರು ಬರುವ ಸೂಚನೆ ಕಂಡ ಮೇಲೆ ಕೇಸ್ ಶೀಟ್ ತಿದ್ದುವ ಆಸೆ ಯಾರಿಗಾದರೂ ಬಂದರೆ, ಅದು ಮೂಲ ತಪ್ಪಿಗಿಂತ ದೊಡ್ಡ ತಪ್ಪು ಎಂಬುದನ್ನು ನಿಮ್ಮ ಸಿಬ್ಬಂದಿಗೆ ಮೊದಲ ದಿನವೇ ಹೇಳಿಬಿಡಿ.

ಒಪ್ಪಿಗೆ ಪತ್ರದ ಬಗ್ಗೆಯೂ ಒಂದು ಮಾತು. ನಿಮ್ಮದೇ ವಿಭಾಗದ ಪ್ರಕರಣ, ಸಮೀರಾ ಕೊಹ್ಲಿ, 2008. ಲ್ಯಾಪರೊಸ್ಕೋಪಿ ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ ಮಹಿಳೆಯ ಗರ್ಭಕೋಶವನ್ನು, ಹೊರಗೆ ಕುಳಿತಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಪ್ರಾಣಾಪಾಯದ ತುರ್ತು ಇಲ್ಲದಿದ್ದಾಗ ವಯಸ್ಕ ರೋಗಿಯ ಪರವಾಗಿ ಬೇರೆಯವರು ಒಪ್ಪಿಗೆ ಕೊಡಲಾಗದು, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಕಡೆ ಈಗಲೂ ಗಂಡನೋ ಅತ್ತೆಯೋ ಸಹಿ ಹಾಕುವುದು, ಹೆರಿಗೆ ನೋವಿನಲ್ಲಿರುವ ಹೆಣ್ಣುಮಗಳನ್ನು ಕೇಳದಿರುವುದು ರೂಢಿಯಾಗಿ ಉಳಿದಿದೆ. ಸಿಸೇರಿಯನ್ ಜೊತೆಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದಿದ್ದರೆ ಅದಕ್ಕೆ ಪ್ರತ್ಯೇಕವಾಗಿ, ಕನ್ನಡದಲ್ಲಿ, ಆಕೆಯದೇ ಸಹಿ ಇರಲಿ. ಅದನ್ನು ಹೆರಿಗೆ ನೋವು ಆರಂಭವಾಗುವ ಮೊದಲೇ, ತಪಾಸಣೆಗೆ ಬರುವ ದಿನಗಳಲ್ಲಿಯೇ ವಿವರಿಸಿ ಪಡೆಯಿರಿ. ವಿಮೆಗಾಗಿಯಷ್ಟೇ ಅಲ್ಲ, ಆಕೆಯ ದೇಹ ಆಕೆಯದು ಎಂಬ ಕಾರಣಕ್ಕೆ.

ಪ್ರಸೂತಿ ತಜ್ಞೆ (ಪ್ರಶ್ನೆ ಕೇಳಿದವರು)

ಮೂವರಿಗೂ ಕೃತಜ್ಞತೆಗಳು. ಷೆಡ್ಯೂಲ್ ತೆಗೆದು ನೋಡಿದೆ. ಅನುಪಾತ 1:4 ಎಂದೇ ಇದೆ. ಇಷ್ಟು ವರ್ಷ ಒಂದು ಕೋಟಿಯ ರಕ್ಷಣೆ ಇದೆ ಎಂದು ನಂಬಿಕೊಂಡಿದ್ದೆ.

ವಕೀಲರಿಗೆ ಎರಡು ಪ್ರಶ್ನೆಗಳು. ರಾತ್ರಿಯ ಡ್ಯೂಟಿ ಡಾಕ್ಟರ್ ತುಂಬ ಶ್ರದ್ಧೆಯ ಹುಡುಗ, ಹಿರಿಯರ ಬಳಿ ನಾಲ್ಕು ವರ್ಷ ಕೆಲಸ ಕಲಿತಿದ್ದಾನೆ. ಅವನನ್ನು ಮುಂದುವರಿಸಿದರೆ ತೊಂದರೆಯೇ? ಹಾಗೆಯೇ, ಹಳೆಯ ಕೇಸ್ ಶೀಟುಗಳು ಒಂದು ಕೋಣೆಯ ತುಂಬ ಇವೆ. ಅವುಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು?

ವಕೀಲರು, ದಾವಣಗೆರೆ

ಅವರ ಶ್ರದ್ಧೆಯ ಬಗ್ಗೆ ನನಗೆ ಸಂದೇಹವಿಲ್ಲ, ಆದರೆ ಕಾನೂನು ಕೇಳುವುದು ನೋಂದಣಿಯನ್ನು. ಹೋಮಿಯೋಪತಿಯಲ್ಲಿ ನೋಂದಣಿ ಪಡೆದವರು ಅಲೋಪಥಿ ಔಷಧ ಕೊಟ್ಟ ಪೂನಂ ವರ್ಮಾ ಪ್ರಕರಣದಲ್ಲಿ, ತನಗೆ ಅರ್ಹತೆಯಿಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ನೀಡುವುದೇ ನಿರ್ಲಕ್ಷ್ಯ, ಅದಕ್ಕೆ ಬೇರೆ ಪುರಾವೆ ಬೇಡ ಎಂದು ಸುಪ್ರೀಂ ಕೋರ್ಟ್ 1996ರಲ್ಲಿಯೇ ಹೇಳಿದೆ. ರಾತ್ರಿ ಎರಡು ಗಂಟೆಗೆ ಆ ಯುವಕರು ತಾವಾಗಿ ಒಂದು ಇಂಜೆಕ್ಷನ್ ಬರೆದು ಏನಾದರೂ ಅನಾಹುತವಾದರೆ, ಔಷಧ ಸರಿಯಾಗಿಯೇ ಇದ್ದರೂ ವಾದ ಮಾಡಲು ನಮಗೆ ನೆಲವಿರುವುದಿಲ್ಲ, ವಿಮಾ ಕಂಪನಿಯೂ ಅರ್ಹತೆಯಿಲ್ಲದ ಸಿಬ್ಬಂದಿ ಎಂಬ ಕಾರಣ ಮುಂದಿಡಬಹುದು. ಎಂಬಿಬಿಎಸ್ ವೈದ್ಯರು ತಾಲ್ಲೂಕಿಗೆ ರಾತ್ರಿ ಪಾಳಿಗೆ ಸಿಗುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು. ಸಿಗುವವರೆಗೆ ಅವರ ಕೆಲಸ ರೋಗಿಯ ಸ್ಥಿತಿ ಗಮನಿಸಿ ನಿಮಗೆ ತಿಳಿಸುವುದಕ್ಕೆ ಸೀಮಿತವಾಗಿರಲಿ, ಔಷಧದ ಆದೇಶ ನಿಮ್ಮದೇ ಆಗಿರಲಿ, ಅದು ಬರಹದಲ್ಲಿರಲಿ.

ಕೇಸ್ ಶೀಟುಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಗಳೊಳಗೆ ಪ್ರತಿ ಕೊಡಬೇಕು ಎಂಬುದು 2002ರ ವೈದ್ಯಕೀಯ ಮಂಡಳಿ ನಿಯಮಾವಳಿ. ದೂರು ಸಲ್ಲಿಸಲು ಸಾಮಾನ್ಯ ಕಾಲಮಿತಿ 2 ವರ್ಷ. ಆದರೆ ಅಪ್ರಾಪ್ತರ ವಿಷಯದಲ್ಲಿ ಕಾಲಮಿತಿ ಬೇರೆ ರೀತಿ ಲೆಕ್ಕವಾಗುವುದರಿಂದ, ಹೆರಿಗೆ ಮತ್ತು ನವಜಾತ ಶಿಶುವಿನ ದಾಖಲೆಗಳನ್ನು ಮಗುವಿಗೆ 18 ತುಂಬಿ ಕೆಲವು ವರ್ಷ ಕಳೆಯುವವರೆಗೂ ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ. ಸ್ಕ್ಯಾನ್ ಮಾಡಿಸಿ ಇಟ್ಟರೆ ಕೋಣೆಯೂ ಖಾಲಿಯಾಗುತ್ತದೆ.

ಕ್ರಿಮಿನಲ್ ಪ್ರಕರಣದ ಭಯವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಘೋರ ನಿರ್ಲಕ್ಷ್ಯವಿದ್ದರೆ ಮಾತ್ರ ವೈದ್ಯರ ಮೇಲೆ ಕ್ರಿಮಿನಲ್ ಕ್ರಮ ಜರುಗಿಸಬಹುದು, ಅದಕ್ಕೂ ಮುನ್ನ ತಜ್ಞರ ಸ್ವತಂತ್ರ ಅಭಿಪ್ರಾಯ ಪಡೆಯಬೇಕು, ಕೇವಲ ದೂರು ಬಂತೆಂದು ಬಂಧಿಸಬಾರದು. ಈಗಿನ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ನಿರ್ಲಕ್ಷ್ಯದಿಂದಾದ ಸಾವಿಗೆ 5 ವರ್ಷದವರೆಗೆ ಶಿಕ್ಷೆ ಇಟ್ಟಿದ್ದರೂ, ವೈದ್ಯಕೀಯ ಪ್ರಕ್ರಿಯೆಯ ವೇಳೆ ನೋಂದಾಯಿತ ವೈದ್ಯರಿಂದ ಆದದ್ದಕ್ಕೆ ಗರಿಷ್ಠ 2 ವರ್ಷ. ದಂಡ ಮತ್ತು ಸೆರೆವಾಸಕ್ಕೆ ಯಾವ ವಿಮೆಯೂ ಇಲ್ಲ.

ಉತ್ತರ 4: ಶುಶ್ರೂಷಾ ಅಧೀಕ್ಷಕಿ, ಮಂಗಳೂರು

ರೋಗಿಯ ಕಡೆಯಿಂದ ಬರುವ ಅಪಾಯಗಳನ್ನೇ ಎಲ್ಲರೂ ಹೇಳಿದ್ದಾರೆ. ಸಿಬ್ಬಂದಿಗೆ ಏನಾದರೂ ಆದರೆ ಎಂದು ಮೇಡಂ ಕೇಳಿದ್ದಾರಲ್ಲ, ಆ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇದನ್ನು ಕೇಳುವ ಮಾಲೀಕರು ಕಡಿಮೆ, ಕೇಳಿದ್ದಕ್ಕೆ ನನಗೆ ಸಂತೋಷವಾಯಿತು.

ಸಣ್ಣ ಆಸ್ಪತ್ರೆಗಳಲ್ಲಿ ಸೂಜಿ ಚುಚ್ಚಿಸಿಕೊಳ್ಳುವವರು ಸಿಸ್ಟರ್‌ಗಳಷ್ಟೇ ಅಲ್ಲ. ಕಸ ಎತ್ತುವ ಆಯಾಗೆ, ಬಟ್ಟೆ ಒಗೆಯುವವರಿಗೆ ಚುಚ್ಚುತ್ತದೆ, ಅವರು ಬೈಗುಳಕ್ಕೆ ಹೆದರಿ ಹೇಳುವುದಿಲ್ಲ. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ಸೋಂಕಿನ ರಕ್ತವಿರುವ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ 30%ವರೆಗೂ ಇದೆ. ಎಚ್‌ಐವಿಗೆ ಅದು ಸುಮಾರು 0.3%. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವ ಹೊಣೆಯನ್ನು ಆಸ್ಪತ್ರೆಯ ಮೇಲಿಟ್ಟಿವೆ. ಹದಿನಾಲ್ಕು ಮಂದಿಗೂ 0, 1, 6 ತಿಂಗಳ ಮೂರು ಡೋಸ್ ಆಗಿದೆಯೇ ಎಂದು ನೀವು ವಹಿಸಿಕೊಳ್ಳುವ ಮೊದಲ ವಾರವೇ ನೋಡಿ. ಸೂಜಿಗೆ ಮತ್ತೆ ಮುಚ್ಚಳ ಹಾಕುವ ಅಭ್ಯಾಸ ಬಿಡಿಸಿ, ಬಿಳಿ ಗಟ್ಟಿ ಡಬ್ಬಿ ಕೈಗೆಟಕುವಲ್ಲಿ ಇರಲಿ. ಚುಚ್ಚಿದರೆ ಎಚ್‌ಐವಿ ತಡೆ ಔಷಧ ಆದಷ್ಟು ಬೇಗ, ಎರಡು ಗಂಟೆಯೊಳಗೆ ಆದರೆ ಉತ್ತಮ, 72 ಗಂಟೆ ಮೀರಬಾರದು. ಆ ಔಷಧ ನಿಮ್ಮ ಊರಿನಲ್ಲಿ ಎಲ್ಲಿ ಸಿಗುತ್ತದೆ, ರಾತ್ರಿ ಯಾರನ್ನು ಕೇಳಬೇಕು ಎಂಬುದು ಗೋಡೆಯ ಮೇಲೆ ಬರೆದಿರಲಿ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಬಗ್ಗೆ: ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರು ಅದರೊಳಗೆ ಬರುತ್ತಾರೆ, ಮಾಲೀಕರ ಪಾಲು 3.25%, ನೌಕರರದು 0.75%. ಅದರ ಹೊರಗೆ ಉಳಿಯುವವರಿಗೆ ನೌಕರರ ಪರಿಹಾರ ಪಾಲಿಸಿ ಮಾಡಿಸಿ. ಹತ್ತಕ್ಕಿಂತ ಹೆಚ್ಚು ಮಂದಿ ಇರುವುದರಿಂದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿಯೂ ಬೇಕು. ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ಬೀಗವಿರುವ ಕೋಣೆಯೂ ಬೇಕು.

ಹಲ್ಲೆ ನಡೆದರೆ ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ. ಅದು ಜಾಮೀನು ರಹಿತ ಅಪರಾಧ, ಹಾಳಾದ ಉಪಕರಣದ ಬೆಲೆಯ ಎರಡರಷ್ಟನ್ನು ವಸೂಲು ಮಾಡಲು ಅವಕಾಶವಿದೆ. ಆದರೆ ಗುಂಪು ಒಳನುಗ್ಗಿದಾಗ ಮೊದಲು ಎದುರಾಗುವುದು ಕೌಂಟರಿನಲ್ಲಿ ಕುಳಿತ ಇಪ್ಪತ್ತರ ಹುಡುಗಿ. ಕೆಟ್ಟ ಸುದ್ದಿಯನ್ನು ಅವಳ ಬಾಯಿಂದ ಹೇಳಿಸಬೇಡಿ. ವೈದ್ಯರೇ ಬಂದು, ಕುಳಿತು, ಮನೆಯವರ ಭಾಷೆಯಲ್ಲಿ ಹೇಳಿದ ಕಡೆ ಕಲ್ಲು ಬಿದ್ದದ್ದನ್ನು ನನ್ನ ಇಪ್ಪತ್ತಾರು ವರ್ಷಗಳಲ್ಲಿ ನಾನು ನೋಡಿಲ್ಲ.

ನಿವೃತ್ತ ವಿಮಾ ಅಧಿಕಾರಿ, ಮೈಸೂರು

ಒಂದೆರಡು ವಿಷಯ ಬಿಟ್ಟುಹೋಗಿದ್ದವು. ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ, ಸ್ಕ್ಯಾನಿಂಗ್ ಯಂತ್ರದ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ನೋಂದಣಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇವೆಲ್ಲವೂ ಹಿರಿಯರ ಹೆಸರಿನಲ್ಲಿರುತ್ತವೆ. ನಿಮ್ಮ ಹೆಸರಿಗೆ ಬದಲಾಗುವ ಮುನ್ನ ಒಬ್ಬ ರೋಗಿಯನ್ನೂ ದಾಖಲು ಮಾಡಿಕೊಳ್ಳಬೇಡಿ. ಕಟ್ಟಡ ಮತ್ತು ಉಪಕರಣಗಳ ಒಟ್ಟು ಮೌಲ್ಯ 5 ಕೋಟಿಯೊಳಗಿದ್ದರೆ ಬೆಂಕಿಯಂತಹ ಅವಘಡಗಳ ಹಾನಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ ಸಾಕು. ಮೌಲ್ಯವನ್ನು ಹಳೆಯ ಖರೀದಿ ಬೆಲೆಗೆ ಬರೆಯದೆ ಇಂದು ಹೊಸದಾಗಿ ಕಟ್ಟಲು, ಕೊಳ್ಳಲು ತಗಲುವ ಬೆಲೆಗೆ ಬರೆಯಿರಿ.

ನಿಮ್ಮ ವೈಯಕ್ತಿಕ ಪಾಲಿಸಿಯ ಅನುಪಾತವನ್ನು ನವೀಕರಣದ ವೇಳೆ 1:1ಕ್ಕೆ ಬದಲಿಸಲು ಕೇಳಿ, ಹಳೆಯ ರೆಟ್ರೋಆಕ್ಟಿವ್ ಡೇಟ್ ಹಾಗೆಯೇ ಉಳಿದಿದೆಯೇ ಎಂದು ಹೊಸ ಷೆಡ್ಯೂಲಿನಲ್ಲಿ ನೋಡಿಕೊಳ್ಳಿ. ಆಸ್ಪತ್ರೆಯ ಪಾಲಿಸಿಯ ಅರ್ಜಿಯಲ್ಲಿ, ದೂರಾಗಿ ಬರಬಹುದಾದ ಯಾವುದಾದರೂ ಘಟನೆ ನಿಮ್ಮ ಗಮನದಲ್ಲಿದೆಯೇ ಎಂಬ ಪ್ರಶ್ನೆ ಇರುತ್ತದೆ. ಅದನ್ನು ಏಜೆಂಟರಿಗೆ ತುಂಬಲು ಬಿಡಬೇಡಿ. ಹಿರಿಯರ ಜೊತೆ ಕುಳಿತು ಕಳೆದ ಎರಡು ಮೂರು ವರ್ಷಗಳ ರಿಜಿಸ್ಟರ್ ತೆಗೆದು, ಯಾವ ರೋಗಿಯ ಮನೆಯವರು ಅಸಮಾಧಾನದಿಂದ ಹೋದರು ಎಂದು ಒಬ್ಬೊಬ್ಬರನ್ನಾಗಿ ಕೇಳಿ, ಇದ್ದುದನ್ನು ಇದ್ದಂತೆ ನಿಮ್ಮ ಕೈಯಿಂದಲೇ ಬರೆಯಿರಿ.